ಬಾಗಿಲಲ್ಲಿ ನಿಂತು ಬರೆದ ತೊಂಬತ್ತನಾಲ್ಕು

‘ಸಾಂಕ್ರಾಮಿಕ ರೋಗದ ಕಾಲದಲ್ಲಿ ದಾದಿಯರ ನೈತಿಕ ಹೊಣೆ’ ಎಂಬ ವಿಷಯದ ಮೇಲೆ ಮಾತನಾಡಲು ಸಿರುಗುಪ್ಪಕ್ಕೆ ನನ್ನನ್ನು ಕರೆದರು. ಜಿಲ್ಲೆಯಲ್ಲಿ ಇಷ್ಟೊಂದು ಜನ ದಾದಿಯರಿದ್ದಾರೆ, ಅಷ್ಟು ಜನರಲ್ಲಿ ಹುಡುಕಿ ಹುಡುಕಿ ನನ್ನನ್ನೇ ಆರಿಸಿದವರ ಬುದ್ಧಿಗೆ ಏನು ಹೇಳಲಿ. ಬೇಡ ಅನ್ನಬಹುದಿತ್ತು, ಅನ್ನಲಿಲ್ಲ. ಕೊರೊನಾ ಕಾಲದ ಸೇವೆಗೆಂದು ನನಗೊಂದು ಪ್ರಶಸ್ತಿಪತ್ರ ಕೊಟ್ಟಿದ್ದಾರೆ. ಅದಕ್ಕೆ ನಮ್ಮ ಯಜಮಾನರು ಗಾಜಿನ ಚೌಕಟ್ಟು ಹಾಕಿಸಿ, ಬಂದವರ ಕಣ್ಣಿಗೆ ಬೀಳುವಂತೆ ಪಡಸಾಲೆಯಲ್ಲಿ ತೂಗುಹಾಕಿದ್ದಾರೆ. ಬೇಡ ಅಂದರೆ ಯಾಕೆ ಬೇಡ ಎಂದು ಮೊದಲು ಕೇಳುವವರು ಅವರೇ. ಆ ಪ್ರಶ್ನೆಗೆ ಹೆದರಿ ಒಪ್ಪಿಕೊಂಡೆ. ನಾನು ಹೆದರಿ ಮಾಡಿದ ಕೆಲಸಗಳಲ್ಲಿ ಇದು ಮೊದಲನೆಯದಲ್ಲ.

ನನ್ನ ಹೆಸರು ಪದ್ಮಾಬಾಯಿ. ಬಳ್ಳಾರಿಯ ಒಂದು ಆಸ್ಪತ್ರೆಯಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ದಾದಿಯಾಗಿದ್ದೇನೆ. ನಮ್ಮದು ಮಡಿ ಮೈಲಿಗೆಯ ಮನೆ. ನರ್ಸಿಂಗ್ ಕಲಿಯುತ್ತೇನೆ ಅಂದಾಗ ನಮ್ಮಜ್ಜಿ ಮೂರು ದಿನ ನನ್ನ ಜೊತೆ ಮಾತು ಬಿಟ್ಟಿದ್ದರು. ಕಂಡಕಂಡವರ ಹುಣ್ಣು ಮುಟ್ಟಿ ಬಂದವಳು ಅಡುಗೆಮನೆಯ ಹೊಸ್ತಿಲು ದಾಟಕೂಡದು ಎಂದು ಅವರ ಕಟ್ಟಪ್ಪಣೆ. ಮದುವೆಯಾಗುವವರೆಗೆ ನಾನು ಪಡಸಾಲೆಯಲ್ಲಿ ಕೂತೇ ಉಂಡೆ. ಅದನ್ನು ನಾನು ಹೋದಲ್ಲಿ ಬಂದಲ್ಲಿ ಹೇಳಿಕೊಂಡು ತಿರುಗಿದವಳು. ‘ನಾನು ಮುಟ್ಟದ ರೋಗಿ ಇನ್ನೂ ಹುಟ್ಟಿಲ್ಲ’ ಅಂತ ಹೊಸ ಹುಡುಗಿಯರ ಮುಂದೆ ಜಂಬ ಕೊಚ್ಚುತ್ತಿದ್ದೆ. ಈಗ ಆ ಮಾತು ನೆನಪಾದರೆ ಒಬ್ಬಳೇ ಇದ್ದಾಗಲೂ ಮುಖ ಬಿಸಿಯಾಗುತ್ತದೆ.

ನಡೆದದ್ದು ಇಷ್ಟು. ಎರಡು ಸಾವಿರದ ಇಪ್ಪತ್ತೊಂದು, ಮೇ ತಿಂಗಳು, ಎರಡನೇ ಅಲೆ. ಬಳ್ಳಾರಿಯ ಬಿಸಿಲು ಗೊತ್ತಿದ್ದವರಿಗೆ ಬೇರೆ ಹೇಳಬೇಕಿಲ್ಲ. ಆ ಬಿಸಿಲಿನಲ್ಲಿ ತಲೆಯಿಂದ ಕಾಲಿನವರೆಗೆ ಪ್ಲಾಸ್ಟಿಕ್ಕಿನ ಕಿಟ್ಟು ತೊಟ್ಟು, ನೀರು ಕುಡಿಯದೆ, ಮೂತ್ರಕ್ಕೂ ಹೋಗದೆ ಆರು ತಾಸು ನಿಲ್ಲಬೇಕು. ಒಮ್ಮೆ ಬಿಚ್ಚಿದರೆ ಅದು ಕಸದ ಬುಟ್ಟಿಗೆ. ಮತ್ತೆ ಒಳಗೆ ಹೋಗಲು ಹೊಸದು ತೊಡಬೇಕು. ನಮ್ಮ ಹನ್ನೆರಡು ಹಾಸಿಗೆಯ ವಾರ್ಡಿನಲ್ಲಿ ಬೆಳಗಿನ ಪಾಳಿ ನನ್ನದು, ಎಂಟರಿಂದ ಎರಡು. ಮೂರು ದಿನದ ಹಿಂದೆ ನಮ್ಮ ಜೊತೆಯ ದಾದಿಯೊಬ್ಬಳು ಅದೇ ರೋಗದಲ್ಲಿ ತೀರಿಕೊಂಡಿದ್ದಳು. ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ. “ನೀ ಹೊರಗಿಂದ ಏನ್ ತರ್ತೀಯೋ ಅದು ನನಗೇ ಮೊದಲು ಹತ್ತೋದು ಅದ ನೋಡು” ಅಂತ ಅವರು ದಿನಾ ಬೆಳಿಗ್ಗೆ ನಗುತ್ತಲೇ ಹೇಳುತ್ತಿದ್ದರು. ನಗು ಬರೀ ಬಾಯಲ್ಲಿತ್ತು.

ಆ ದಿನ ಒಂದು ಗಂಟೆಗೆ ತಲೆ ಸುತ್ತಿ ಹೊರಗೆ ಬಂದು ಕಿಟ್ಟು ಬಿಚ್ಚಿದೆ. ನೀರು ಕುಡಿದೆ. ಒಂದೂವರೆಗೆ ಎಲ್ಲ ರೋಗಿಗಳ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ಆಮ್ಲಜನಕದ ಪ್ರಮಾಣ ನೋಡಿ ಬರೆಯಬೇಕಿತ್ತು. ಕಿಟ್ಟೇ ಇರಲಿಲ್ಲ ಎಂದು ಹೇಳಿಕೊಳ್ಳುವ ಆಸೆ ನನಗೆ ಎಷ್ಟೋ ಸಲ ಆಗಿದೆ. ಇದ್ದವು. ಕಪಾಟಿನಲ್ಲಿ ಒಂಬತ್ತು ಇದ್ದವು. ತೊಡಲು ಕಾಲು ತಾಸು, ಆಮೇಲೆ ಅರ್ಧ ತಾಸಿಗೆ ಪಾಳಿಯೇ ಮುಗಿಯುತ್ತದೆ, ಅಷ್ಟಕ್ಕೆ ಮತ್ತೆ ಯಾಕೆ ಒಳಗೆ ಹೋಗಬೇಕು ಅನ್ನಿಸಿತು. ಬಾಯಿಗೆ ಎರಡು ಮಾಸ್ಕು ಕಟ್ಟಿಕೊಂಡು, ಗಾಳಿಗೆಂದು ಇಟ್ಟಿಗೆ ಒತ್ತಿಟ್ಟು ತೆರೆದಿದ್ದ ವಾರ್ಡಿನ ಬಾಗಿಲಲ್ಲಿ ನಿಂತೆ. ಅಲ್ಲಿಂದಲೇ ಒಬ್ಬೊಬ್ಬರ ಹೆಸರು ಕೂಗಿದೆ. ಅವರು “ಆರಾಮ ಅದೀನ್ರಿ” ಅಂದರು, ನಾನು ಹನ್ನೆರಡೂವರೆಯ ಅಂಕಿ ನೋಡಿಕೊಂಡು ಅದಕ್ಕೊಂದು ಅತ್ತ ಇತ್ತ ಮಾಡಿ ಬರೆದುಕೊಂಡೆ.

ಹನ್ನೊಂದನೇ ಹಾಸಿಗೆ ಕೊನೆಯ ಕಿಟಕಿಯ ಪಕ್ಕದ್ದು. ಅದರಲ್ಲಿದ್ದವನು ಎರ್ರಿಸ್ವಾಮಿ, ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಭತ್ತದ ಹೊಟ್ಟು ಉರಿಸುವ ಬಾಯ್ಲರ್ ನೋಡಿಕೊಳ್ಳುವವನು. ಐದು ದಿನದಿಂದ ಇದ್ದ. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದಾಗೆಲ್ಲ “ಪ್ರೆಶರ್ ಎಷ್ಟೈತ್ರಿ ಸಿಸ್ಟ್ರಮ್ಮ, ಏರಲಿಲ್ಲಂದ್ರ ಇನ್ನೊಂದೀಟು ಹೊಟ್ಟು ಹಾಕ್ರಿ” ಎಂದು ತನ್ನನ್ನೇ ಬಾಯ್ಲರ್ ಮಾಡಿಕೊಂಡು ತಮಾಷೆ ಮಾಡುತ್ತಿದ್ದ. ನಮ್ಮ ಜೊತೆ ಕನ್ನಡ, ಹೆಂಡತಿ ಫೋನು ಮಾಡಿದರೆ ತೆಲುಗು. ಸಿರುಗುಪ್ಪದ ಕಡೆ ಅದು ವಿಶೇಷವೇನಲ್ಲ.

“ಎರ್ರಿಸ್ವಾಮಿ, ಆಕ್ಸಿಜನ್ ಚಾಲು ಐತೇನ್ರಿ?” ಎಂದು ಬಾಗಿಲಿನಿಂದ ಕೂಗಿದೆ.

ಆತ ನನ್ನ ಕಡೆ ತಲೆ ಹೊರಳಿಸಿದ. ಕೈ ಸ್ವಲ್ಪ ಎತ್ತಿದ. “ಚಾಲು... ಚಾಲಮ್ಮಾ” ಅಂದ.

ನಮ್ಮ ಊರಲ್ಲಿ ಈ ಒಂದು ಮಾತಿಗೆ ಎರಡು ಅರ್ಥ. ಕನ್ನಡದಲ್ಲಿ ಚಾಲು ಅಂದರೆ ನಡೆಯುತ್ತಿದೆ ಅಂತ. ಫ್ಯಾನು ಚಾಲು, ಮೋಟರು ಚಾಲು. ತೆಲುಗಿನಲ್ಲಿ ಚಾಲು ಅಂದರೆ ಸಾಕು. ಊಟಕ್ಕೆ ಕೂತವರು ಚಾಲು ಅಂದರೆ ಬಡಿಸುವವರು ಕೈ ಹಿಂದೆ ತೆಗೆಯಬೇಕು. ಬಳ್ಳಾರಿಯಲ್ಲಿ ಹುಟ್ಟಿ ಬೆಳೆದ ಯಾರಿಗೂ ಇದನ್ನು ಹೇಳಿಕೊಡಬೇಕಿಲ್ಲ. ನಾನು ಹುಟ್ಟಿ ಬೆಳೆದದ್ದು ಬಳ್ಳಾರಿಯಲ್ಲೇ, ಪಕ್ಕದ ಮನೆಯವರ ಜೊತೆ ಜಗಳವಾಡಿದ್ದೂ ತೆಲುಗಿನಲ್ಲೇ. ಆಕ್ಸಿಜನ್ ಓಡುತ್ತಿದೆ ಎಂದು ಹೇಳುವ ಕನ್ನಡದವನು ‘ಚಾಲು ಐತ್ರಿ’ ಅನ್ನುತ್ತಾನೆ, ಚಾಲಮ್ಮಾ ಅನ್ನುವುದಿಲ್ಲ. ಉಸಿರು ಸಾಲದವನಿಗೆ ಮನೆಯ ಮಾತೇ ಬಾಯಿಗೆ ಬರುತ್ತದೆ. ಆತ ನನಗೆ ಸಾಕಮ್ಮಾ, ನನ್ನ ಕೈಲಾಗುವುದಿಲ್ಲ ಅಂದ. ಅದು ನನಗೆ ಆ ಕ್ಷಣವೇ ತಿಳಿಯಿತು. ಆದರೂ ನಾನು ಕನ್ನಡದ ಅರ್ಥವನ್ನೇ ಹಿಡಿದೆ, ಯಾಕೆಂದರೆ ಆ ಅರ್ಥ ಹಿಡಿದರೆ ಒಳಗೆ ಹೋಗಬೇಕಾಗಿರಲಿಲ್ಲ.

ಆಕ್ಸಿಜನ್ ಮಾಸ್ಕು ಆತನ ಮೂಗಿನ ಮೇಲಿತ್ತೋ ಗದ್ದದ ಮೇಲಿತ್ತೋ ದೂರಕ್ಕೆ ಕಾಣಲಿಲ್ಲ ಎಂದು ನಾಲ್ಕು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಪುಸ್ತಕದಲ್ಲಿ ಆತನ ಹೆಸರಿನ ಮುಂದೆ ತೊಂಬತ್ತನಾಲ್ಕು ಎಂದು ಬರೆದೆ. ತೊಂಬತ್ತಮೂರು ಬರೆದರೆ ಡಾಕ್ಟರಿಗೆ ತಿಳಿಸಬೇಕು. ತೊಂಬತ್ತೆಂಟು ಬರೆದರೆ ಯಾರೂ ನಂಬುವುದಿಲ್ಲ. ತೊಂಬತ್ತನಾಲ್ಕಕ್ಕೆ ಯಾರೂ ಏನೂ ಕೇಳುವುದಿಲ್ಲ. ಅಷ್ಟು ವರ್ಷದ ಅನುಭವ ನನಗೆ ಆ ಹೊತ್ತು ಉಪಯೋಗಕ್ಕೆ ಬಂದದ್ದು ಹೀಗೆ.

ಎರಡು ಗಂಟೆಗೆ ಶಬಾನಾ ಬಂದಳು. ಇಪ್ಪತ್ತನಾಲ್ಕು ವರ್ಷದ ಹುಡುಗಿ, ಗುತ್ತಿಗೆ ಮೇಲೆ ಇದ್ದವಳು, ಊರು ಕುರುಗೋಡು. ತಂದೆ ಹೈದರಸಾಬರು ಅಲ್ಲಿ ಟ್ರಂಕು, ಡಬ್ಬಿಗಳಿಗೆ ಬೆಸುಗೆ ಹಾಕುವ ಅಂಗಡಿ ಇಟ್ಟಿದ್ದರು. ನನಗೆ ಅಕ್ಕಾ ಅನ್ನುತ್ತಿದ್ದಳು. “ಯಾರನ್ನ ಮೊದ್ಲ ನೋಡ್ಲಿ ಅಕ್ಕಾ?” ಎಂದು ಕೇಳಿದಳು. “ಎರಡನೇದು, ಐದನೇದು ಭಾಳ ಡೌನ್ ಅದಾವು. ಹನ್ನೊಂದನೇದು ತೊಂಬತ್ತನಾಲ್ಕು, ಕಡೀಕ ನೋಡಿದ್ರೂ ನಡೀತೈತಿ” ಅಂದೆ. ಅವಳು ನಾನು ಹೇಳಿದಂತೆಯೇ ಮಾಡಿದಳು. ಕಿಟ್ಟು ತೊಟ್ಟು, ಎರಡನೆಯವರನ್ನು, ಐದನೆಯವರನ್ನು, ಮಿಕ್ಕವರನ್ನು ನೋಡಿ ಹನ್ನೊಂದನೇ ಹಾಸಿಗೆಗೆ ಹೋಗುವಾಗ ಎರಡೂ ಮುಕ್ಕಾಲು. ಮಾಸ್ಕು ಗದ್ದಕ್ಕೆ ಸರಿದಿತ್ತು. ಅಂಕಿ ಐವತ್ತೆಂಟು. ಮೂರೂ ಇಪ್ಪತ್ತಕ್ಕೆ ಎರ್ರಿಸ್ವಾಮಿ ತೀರಿಕೊಂಡ. ಅಷ್ಟೊತ್ತಿಗೆ ನಾನು ಮನೆಯಲ್ಲಿ ಬಿಸಿನೀರು ಹೊಯ್ದುಕೊಂಡು, ಸಾರನ್ನ ಉಂಡು ಮಲಗಿದ್ದೆ.

ಮಾರನೆಯ ದಿನ ಬೆಳಿಗ್ಗೆ ಹೆಣ ಒಪ್ಪಿಸುವಾಗ ಅವನ ಹೆಂಡತಿ ಹುಲಿಗೆಮ್ಮ ಆಸ್ಪತ್ರೆಯ ಅಂಗಳದಲ್ಲಿ ಶಬಾನಾಳನ್ನು ಹಿಡಿದು ನಿಲ್ಲಿಸಿದಳು. “ಒಂದೂವರಿಗೆ ಚಲೋ ಇದ್ದ ಅಂತ ಪುಸ್ತಕದಾಗ ಐತಂತ, ಮೂರಕ್ಕ ಹೆಂಗ ಸತ್ತ? ನೀ ಎಲ್ಲಿ ಕುಂತಿದ್ದಿ ಆವಾಗ? ನಿನ್ನ ಕೈ ಸೇದಿಹೋಗ್ಲಿ!” ಎಂದು ಮಣ್ಣು ತೂರಿದಳು. ಗುಂಪಿನಲ್ಲಿ ಯಾರೋ ಶಬಾನಾಳ ಜಾತಿಯನ್ನೂ ಎತ್ತಿ ಆಡಿದರು. ನಾನು ವರಾಂಡದಲ್ಲಿದ್ದೆ. ಎಲ್ಲ ಕೇಳಿಸಿತು. ಔಷಧಿ ಪಟ್ಟಿ ನೋಡುವವಳಂತೆ ತಲೆ ತಗ್ಗಿಸಿಕೊಂಡು ನಿಂತೆ.

ವಿಚಾರಣೆ ನಡೆಯಿತು. ಮೂರು ಜನ ಮೇಜಿನ ಆಚೆ ಕೂತಿದ್ದರು. ಒಳಗೆ ಕರೆಯುವ ಮುಂಚೆ ಶಬಾನಾ ಹೊರಗಿನ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದಳು. ಎರಡು ದಿನದಿಂದ ಊಟ ಮಾಡಿರಲಿಲ್ಲವೇನೋ, ದನಿ ಸಣ್ಣಗಾಗಿತ್ತು.

“ಅಕ್ಕಾ, ನೀವು ನೋಡಿದಾಗ ಖರೇನ ಚಲೋ ಇದ್ನಲ್ಲ?”

ಅವಳ ದನಿಯಲ್ಲಿ ಅನುಮಾನವಿರಲಿಲ್ಲ. ತಿಳಿದುಕೊಳ್ಳಬೇಕೆಂದು ಕೇಳಿದ್ದಳು, ಅಷ್ಟೇ.

“ಇದ್ದ” ಅಂದೆ.

“ಹಂಗಾರ ನಂದ ತಪ್ಪು ಅಕ್ಕಾ. ನಾನ ಮೊದ್ಲ ಆ ಕಡಿಂದ ಶುರು ಮಾಡಬೇಕಿತ್ತು” ಎಂದು ಅಂಗೈ ನೋಡಿಕೊಂಡಳು.

ಒಳಗೆ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. ಒಂದೂವರೆಗೆ ರೋಗಿಯ ಸ್ಥಿತಿ ಹೇಗಿತ್ತು? “ದಾಖಲೆಯ ಪ್ರಕಾರ ಸ್ಥಿರವಾಗಿತ್ತು ಸರ್” ಅಂದೆ. ದಾಖಲೆಯ ಪ್ರಕಾರ. ಎಷ್ಟು ಚೆಂದದ ಮಾತು! ಅದರಲ್ಲಿ ಸುಳ್ಳಿಲ್ಲ, ನಾನೂ ಇಲ್ಲ. ಶಬಾನಾಳ ಗುತ್ತಿಗೆಯನ್ನು ಮುಂದುವರಿಸಲಿಲ್ಲ. ಆಮೇಲೆ ಎರಡು ಖಾಸಗಿ ಆಸ್ಪತ್ರೆಗಳಲ್ಲಿ ಕೇಳಿದಳಂತೆ. ಅವರು ನಮ್ಮಲ್ಲಿಗೆ ಫೋನು ಮಾಡಿ ವಿಚಾರಿಸಿ ಬೇಡ ಅಂದರಂತೆ. ಈಗ ಕುರುಗೋಡಿನಲ್ಲಿ ಮನೆಯಲ್ಲೇ ಇದ್ದಾಳೆ, ಒಂದು ಬಾಣಂತಿಯನ್ನು ನೋಡಲು ಕರೆದರೂ ತನ್ನ ಕೈ ಒಳ್ಳೆಯದಲ್ಲವೆಂದು ಹೋಗುವುದಿಲ್ಲ ಎಂದು ಯಾರೋ ಹೇಳಿದರು. ಆ ಮಾತು ಕೇಳಿದ ದಿನವೇ ನಾನು ಹೋಗಿ ನಿಜ ಹೇಳಬೇಕಿತ್ತು. ಕುರುಗೋಡು ಬಳ್ಳಾರಿಯಿಂದ ಒಂದು ತಾಸಿನ ದಾರಿ. ನಾಲ್ಕು ವರ್ಷವಾದರೂ ಹೋಗಲು ಆಗಿರಲಿಲ್ಲ.

ಇಂಥವಳು ಈ ಜುಲೈಯಲ್ಲಿ ಸಿರುಗುಪ್ಪದ ಸಭಾಭವನದಲ್ಲಿ ಮೈಕು ಹಿಡಿದು ನಿಂತೆ. ನಲವತ್ತು ಜನ ದಾದಿಯರು, ಹೆಚ್ಚಿನವರು ಸುತ್ತಲ ಹಳ್ಳಿಗಳ ಎಳೆಯ ಹುಡುಗಿಯರು. ಒಂದೂವರೆ ತಾಸು ಮಾತಾಡಿದೆ. ರೋಗಿಯ ಘನತೆ, ಸತ್ಯನಿಷ್ಠೆ, ಸಹೋದ್ಯೋಗಿಗಳ ಮೇಲಿನ ವಿಶ್ವಾಸ, ಎಲ್ಲ ಬಂತು. ನಮ್ಮಜ್ಜಿಯ ಹೊಸ್ತಿಲ ಕಥೆಯನ್ನೂ ಬಿಡಲಿಲ್ಲ, ನಾಚಿಕೆಗೆಟ್ಟವಳು. ಎಲ್ಲರೂ ನಕ್ಕರು. ಕೊನೆಗೆ ಹಚ್ಚೊಳ್ಳಿಯಿಂದ ಬಂದ ಗುಲ್ನಾಜ್ ಎಂಬ ಹುಡುಗಿ ಎದ್ದು ನಿಂತಳು.

“ಮೇಡಂ, ಒಳಗ ಹೋಗಾಕ ಹೆದರಿಕಿ ಆದ್ರ ಏನ್ ಮಾಡ್ಬೇಕ್ರಿ?”

ಇಡೀ ದಿನದಲ್ಲಿ ಯಾರಾದರೂ ಆಡಿದ ಒಂದೇ ಒಂದು ನಿಜವಾದ ಮಾತು ಅದು. “ಕರ್ತವ್ಯವನ್ನು ನೆನಪಿಸಿಕೊಂಡರೆ ಹೆದರಿಕೆ ತಾನಾಗಿಯೇ ಹೋಗುತ್ತದೆ” ಅಂದೆ. ಆ ಹುಡುಗಿ ಅದನ್ನು ತಲೆಬಗ್ಗಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ನೋಡಲಾರದೆ ಮುಖ ತಿರುಗಿಸಿದೆ.

ಮಂಡಕ್ಕಿ ಒಗ್ಗರಣೆ, ಮಿರ್ಚಿ ಹಂಚುತ್ತಿದ್ದರು. ಚಹಾ ಕೊಡುತ್ತಿದ್ದ ಹೆಂಗಸು ನನ್ನ ಮುಂದೆ ಬಂದು ತಟ್ಟೆಯನ್ನು ಕುರ್ಚಿಯ ಮೇಲಿಟ್ಟು, ಬಗ್ಗಿ ನನ್ನ ಎರಡೂ ಕಾಲು ಮುಟ್ಟಿದಳು.

“ಗುರ್ತು ಸಿಕ್ಕಿಲ್ಲೇನ್ರಿ ಅಮ್ಮಾರ? ನಾನ್ರಿ, ಹುಲಿಗೆಮ್ಮ. ಹನ್ನೊಂದನೇ ಬೆಡ್ಡಿನ ಎರ್ರಿಸ್ವಾಮಿ ಮನಿಯಾಕಿ.” ಆಮೇಲೆ ಸುತ್ತಲಿದ್ದವರ ಕಡೆ ತಿರುಗಿ, “ಈ ಅಮ್ಮಾರ ಇರೂತನಕ ನಮ್ಮನಿಯಾತ ಚಲೋ ಇದ್ದ. ಇವ್ರು ಮನಿಗೆ ಹೋದ್ರು ನೋಡ್ರಿ, ಆಮ್ಯಾಲ ಬಂದಾಕಿ ಕೊಂದು ಹಾಕಿದ್ಲು. ಆ ಹುಡುಗಿ ಮಕ ಇನ್ನಾ ನನ್ನ ಕಣ್ಣಾಗೈತಿ. ದಿನಾ ಮುಂಜಾನಿ ದೀಪ ಹಚ್ಚಿದಾಗ ಮೊದ್ಲ ಆಕಿಗೆ ಶಾಪ ಹಾಕೀನ ಮುಂದಿನ ಕೆಲಸ” ಅಂದಳು.

ಹುಡುಗಿಯರು ಚಪ್ಪಾಳೆ ತಟ್ಟಿದರು. ಯಾರೋ ನಮ್ಮಿಬ್ಬರ ಫೋಟೋ ತೆಗೆದರು. ನಾನು ಹುಲಿಗೆಮ್ಮಳ ಭುಜ ಹಿಡಿದು, “ಇರ್ಲಿ ಬಿಡಮ್ಮ, ಆಗಿದ್ದು ಆತು” ಅಂದೆ. ಹೌದು, ಅಷ್ಟೇ ಅಂದೆ. ಸಭೆಯವರು ಹಾಕಿದ ಹಾರವನ್ನು ಚೀಲದಲ್ಲಿ ತುರುಕಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ.

ಬಳ್ಳಾರಿ ಬಸ್ಸು ನಿಂತಿತ್ತು. ಹತ್ತಿ ಕಿಟಕಿಯ ಪಕ್ಕ ಕೂತೆ. ದಿನಾ ಶಾಪ ಅಂದಳಲ್ಲ ಎಂದು ಲೆಕ್ಕ ಹಾಕಿದೆ. ನಾಲ್ಕು ವರ್ಷಕ್ಕೆ ಸಾವಿರದ ನಾನೂರಕ್ಕೂ ಮೇಲೆ. ಅಷ್ಟೂ ನನ್ನ ಹೆಸರಿಗೆ ಬರಬೇಕಾದವು, ವಿಳಾಸ ತಪ್ಪಿದ ಟಪಾಲಿನ ಹಾಗೆ ಇನ್ನೊಬ್ಬರ ಮನೆಗೆ ಹೋಗಿವೆ. ತಪ್ಪಿಸಿದವಳು ನಾನು. ಶಬಾನಾಳೋ ಅವನ್ನೆಲ್ಲ ತನ್ನವೇ ಎಂದು ತಗೊಂಡು ಮನೆಯಲ್ಲಿ ಕೂತಿದ್ದಾಳೆ. ಡ್ರೈವರ್ ಗಾಡಿ ಶುರು ಮಾಡಿದ. “ಇಳಿತೀನಿ, ನಿಲ್ಸಪಾ” ಎಂದು ಕೂಗಿ ಇಳಿದೆ. ಧೈರ್ಯ ಬಂದು ಇಳಿದೆ ಎಂದು ದಯವಿಟ್ಟು ತಿಳಿಯಬೇಡಿ. ಕೂತಿರಲು ಆಗದೆ ಇಳಿದೆ.

ಸಭಾಭವನದ ಹಿತ್ತಲಲ್ಲಿ ಹುಲಿಗೆಮ್ಮ ನಲ್ಲಿಯ ಮುಂದೆ ಕೂತು ಸ್ಟೀಲಿನ ಲೋಟ ತೊಳೆಯುತ್ತಿದ್ದಳು. “ಯಾಕ್ರಿ ಅಮ್ಮಾರ, ಏನರ ಬಿಟ್ಟೋದ್ರೇನು?” ಎಂದು ನಕ್ಕಳು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಕಿಟ್ಟು ಇದ್ದದ್ದು, ತೊಡದೆ ಇದ್ದದ್ದು, ಬಾಗಿಲಲ್ಲಿ ನಿಂತು ಕೂಗಿದ್ದು, ಅವಳ ಗಂಡ ಅಂದ ಮಾತು, ನಾನು ಅದನ್ನು ತಿರುಚಿಕೊಂಡದ್ದು, ನೋಡದೆ ಬರೆದ ಅಂಕಿ, ಆ ಅಂಕಿ ನಂಬಿ ಶಬಾನಾ ಕೊನೆಗೆ ಅಲ್ಲಿಗೆ ಹೋದದ್ದು, ಕೆಲಸ ಕಳೆದುಕೊಂಡದ್ದು. ಹೇಳುವಷ್ಟು ಹೊತ್ತೂ ಅವಳು ಲೋಟ ತೊಳೆಯುವುದನ್ನು ನಿಲ್ಲಿಸಲಿಲ್ಲ. ಒಂದೇ ಲೋಟವನ್ನು ತೊಳೆಯುತ್ತಿದ್ದಾಳೆ ಎಂದು ಆಮೇಲೆ ಗೊತ್ತಾಯಿತು.

ನಲ್ಲಿ ತಿರುಗಿಸಿ ನೀರು ನಿಲ್ಲಿಸಿದಳು.

“ಬಾಗಲಾಗ ನಿಂತಾಗ ಆತ ನಿಮ್ಮನ್ನ ನೋಡಿದ್ನೇನು?”

“ನೋಡಿದ.”

“ಒಳಗ ಬರ್ತೀರಿ ಅಂತ ತಿಳ್ಕಂಡಿರಬೇಕು” ಅಂದಳು.

ಅವಳು ಹೊಡೆಯಬಹುದು ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಹೊಡೆದರೆ ಒಳ್ಳೆಯದು ಎಂದು ಆಸೆಪಟ್ಟಿದ್ದೆ. ನಾಲ್ಕು ಜನ ಸೇರಿ ಬಿಡಿಸುತ್ತಾರೆ, ನಾನು ಅಳುತ್ತೇನೆ, ಮುಗಿಯುತ್ತದೆ. ಅವಳು ಸೆರಗಿನಿಂದ ಕೈ ಒರೆಸಿಕೊಂಡಳು, ಕಣ್ಣನ್ನಲ್ಲ. ಕಣ್ಣೀರು ಗದ್ದದವರೆಗೆ ಇಳಿಯುತ್ತಿದ್ದರೂ ಅದರ ಕಡೆ ಗಮನವಿರಲಿಲ್ಲ.

“ಆ ಹುಡುಗಿ ಊರು ಯಾವುದು?”

“ಕುರುಗೋಡು. ಹುಲಿಗೆಮ್ಮ, ನನ್ನನ್ನ...”

“ನಿಮ್ಮದು ಆಮ್ಯಾಲ ನೋಡಾಣು” ಅಂದಳು. ಅಮ್ಮಾರ ಎನ್ನುವುದು ಅವಳ ಬಾಯಿಂದ ಆಗಲೇ ಹೋಗಿತ್ತು. “ಮಣ್ಣು ತೂರೀನಲ್ರೀ ನಾನು ಆಕಿ ಮ್ಯಾಲ. ಇನ್ನೊಬ್ರ ಮನಿ ಹೆಣ್ಮಗಳಿಗೆ ಕೈ ಸೇದಿಹೋಗ್ಲಿ ಅಂದೀನಿ. ನಡೀರಿ, ಹೋಗಾಣು.”

“ಈಗಾ?”

“ಮತ್ಯಾವಾಗ?”

“ಫೋನ್ ನಂಬರ್ ಯಾರನ್ನರ ಕೇಳಿ, ಮೊದ್ಲ ಫೋನ್ ಮಾಡಿ...”

“ಫೋನ್‌ನಾಗ ಬೈದಿದ್ನೇನ್ರಿ ನಾನು?”

ಸೀದಾ ಬಸ್ಸು ಸಿಗುವುದಿಲ್ಲ, ನಡುವೆ ಇಳಿದು ಬದಲಿಸಬೇಕು, ಹೊತ್ತಾಗುತ್ತದೆ ಎಂದೆಲ್ಲ ನಾನು ಗೊಣಗಿದೆ. ಮನೆ ನೋಡಿಲ್ಲ ಅಂದೆ. ಹೈದರಸಾಬರ ಬೆಸುಗೆ ಅಂಗಡಿ ಎಂದು ಕೇಳಿದರೆ ಅಲ್ಲಿ ಯಾರಾದರೂ ತೋರಿಸುತ್ತಾರೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಅವಳು ಚಪ್ಪಲಿ ಮೆಟ್ಟಿ, ಜೊತೆಯ ಕೆಲಸದವಳಿಗೆ “ಲೋಟ ನೋಡ್ಕಳಲೇ” ಎಂದು ಕೂಗಿ ಹೊರಟೇಬಿಟ್ಟಳು. ನಾನು ಹಿಂದೆ ಹಿಂದೆ ನಡೆದೆ. ನಾಲ್ಕು ವರ್ಷ ನನಗೆ ಸಿಗದಿದ್ದ ಕುರುಗೋಡಿನ ಬಸ್ಸು ಅವಳಿಗೆ ಹತ್ತೇ ನಿಮಿಷದಲ್ಲಿ ಸಿಕ್ಕಿತು. ಬದಲಿಸುವುದೂ ಬೇಕಾಗಲಿಲ್ಲ.

ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು. ಕಂಡಕ್ಟರ್ ಬಂದಾಗ ಆಧಾರ್ ಕಾರ್ಡು ತೋರಿಸಿ “ಕುರುಗೋಡು, ಎರಡು” ಎಂದು ನನ್ನದನ್ನೂ ಅವಳೇ ಹೇಳಿದಳು. ಗದ್ದೆಗಳಲ್ಲಿ ಕಾಲುವೆ ನೀರು ನಿಂತಿತ್ತು. ತೆಕ್ಕಲಕೋಟೆ ದಾಟಿದ ಮೇಲೆ ನನ್ನ ಕಡೆ ತಿರುಗಿದಳು.

“ತಂಗೀ, ತಿಳೀದ ಬೈದೆ, ನನ್ನ ಮಾತು ಹೊಟ್ಟ್ಯಾಗ ಹಾಕ್ಕೊ ಅಂತೀನಿ ನಾನು. ನೀವೇನಂತೀರಿ?”

“ನಂದ ತಪ್ಪು ಅಂತೀನಿ.”

“ಅಂದ್ರ ಆಕಿ ಕೆಲಸ ತಿರುಗಿ ಬರ್ತೈತೇನು? ಬಾಯಿ ಮಾತು ಯಾರ್ ಕೇಳ್ತಾರ. ನೀವು ಅವತ್ತು ಬರದದ್ದಕ್ಕ ಅಲ್ಲೇನು ಇಷ್ಟೆಲ್ಲ ಆಗಿದ್ದು? ಬರದ ಕೊಡ್ರಿ.”

“ಕೊಡ್ತೀನಿ. ಮನಿಗೆ ಹೋಗಿ ಸರಿಯಾಗಿ ಟೈಪ್ ಮಾಡಿಸಿ...”

“ಈಗ ಬರೀರಿ. ಮನಿಗೆ ಹೋದ್ರ ನೀವು ಬರಿಯಾಂಗಿಲ್ಲ.”

ನನ್ನನ್ನು ಅಷ್ಟು ಚೆನ್ನಾಗಿ ಅರಿತವರು ನಮ್ಮ ಮನೆಯಲ್ಲೂ ಇಲ್ಲ. ಚೀಲದಿಂದ ಭಾಷಣದ ಹಾಳೆ ತೆಗೆದೆ. ಅದರ ಹಿಂಬದಿ ಖಾಲಿ ಇತ್ತು. ಇದನ್ನು ಆಸ್ಪತ್ರೆಗೆ ಕೊಟ್ಟರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಮತ್ತೆ ವಿಚಾರಣೆ, ಅಮಾನತು, ನಿವೃತ್ತಿಗೆ ಆರು ವರ್ಷ ಇರುವಾಗ ಊರಲ್ಲೆಲ್ಲ ಕೆಟ್ಟ ಹೆಸರು. ಯಜಮಾನರು ಆ ಚೌಕಟ್ಟನ್ನು ಏನು ಮಾಡುತ್ತಾರೋ. ಹಾಳೆಯನ್ನು ಚೀಲದ ಮೇಲಿಟ್ಟುಕೊಂಡೆ. ಮಾನ್ಯರೇ ಎಂದು ಶುರು ಮಾಡಿದೆ. ಕೈಗೆ ರೂಢಿಯಾದ ಭಾಷೆ, ತಡೆಯಿಲ್ಲದೆ ಬಂತು. ಆರು ಸಾಲು ಮುಗಿಸಿ ಪೆನ್ನು ಎತ್ತಿದೆ.

“ಓದ್ರಿ. ನನಗ ಅಕ್ಷರ ಬರಾಂಗಿಲ್ಲ” ಅಂದಳು.

“ಸದರಿ ದಿನಾಂಕದಂದು ಮಧ್ಯಾಹ್ನ ಒಂದೂವರೆ ಗಂಟೆಗೆ, ಕೆಲಸದ ಒತ್ತಡದ ಕಾರಣ, ರೋಗಿಯ ಆಮ್ಲಜನಕದ ಪ್ರಮಾಣವು ತಪ್ಪಾಗಿ ನಮೂದಾಗಿರುತ್ತದೆ.”

“ನಮೂದಾಗಿರುತ್ತದ ಅಂದ್ರ?”

“ಅಂದ್ರ, ಪುಸ್ತಕದಾಗ ತಪ್ಪು ಬರದದ್ದು ಆಗೈತಿ ಅಂತ.”

ಹುಲಿಗೆಮ್ಮ ಹಾಳೆಯನ್ನು ನೋಡಿದಳು. ಆಮೇಲೆ ನನ್ನ ಕೈಯಲ್ಲಿದ್ದ ಪೆನ್ನನ್ನು ನೋಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ಗೊತ್ತಿಲ್ಲದೆ ಕೇಳುವವಳಂತೆ ಕೇಳಿದಳು.

“ತನ್ನಷ್ಟಕ್ಕ ತಾನ ಆತೇನ್ರಿ ಅದು?”

ನಾನು ಆ ಸಾಲನ್ನು ಹೊಡೆದುಹಾಕಿದೆ. ಕೆಲಸದ ಒತ್ತಡವನ್ನೂ ಹೊಡೆದುಹಾಕಿದೆ. ಕೆಳಗೆ, ‘ನಾನು ಒಳಗೆ ಹೋಗಲಿಲ್ಲ. ನೋಡದೆ ನಾನೇ ಬರೆದೆ. ಶಬಾನಾ ನನ್ನನ್ನು ನಂಬಿದಳು’ ಎಂದು ಬರೆದು, ಓದಿ ಹೇಳಿ, ಪೂರ್ತಿ ಹೆಸರು ಹಾಕಿ ಸಹಿ ಮಾಡಿದೆ. ಬಸ್ಸಿನ ಕುಲುಕಾಟಕ್ಕೆ ಅಕ್ಷರ ಸೊಟ್ಟಪಟ್ಟ ಬಿದ್ದಿದ್ದವು, ಆದರೆ ಯಾರು ಬೇಕಾದರೂ ಓದಬಹುದಿತ್ತು. ಹುಲಿಗೆಮ್ಮ ಹಾಳೆಯನ್ನು ನನ್ನ ಕೈಗೆ ತಿರುಗಿ ಕೊಡಲಿಲ್ಲ. ನಾಲ್ಕಾಗಿ ಮಡಿಚಿ ತನ್ನ ಕುಪ್ಪಸದೊಳಗೆ ಇಟ್ಟುಕೊಂಡಳು.